ಹತ್ತು ಗಜದ ಸರಪಳಿ

ಕೆನಡಾದ ಸಾಸ್ಕಟೂನಿನ ಫುಟ್‌ಬಾಲ್ ಮೈದಾನದಲ್ಲಿ ಅಳತೆಯ ಸರಪಳಿ ಹಿಡಿಯುವ ಓರೆಸ್ಟ್ ಪಾವ್ಲುಕ್‌ಗೆ ಜಗತ್ತೆಂದರೆ ಹತ್ತು ಗಜ. ಅಲ್ಲಿನ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ; ಕೊಟ್ಟ ಅವಕಾಶಗಳಲ್ಲಿ ಹತ್ತು ಗಜ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಚೆಂಡು ಅಷ್ಟು ಮುಂದೆ ಹೋಯಿತೋ ಇಲ್ಲವೋ, ಅಷ್ಟೇ ಅವನ ಚಿಂತೆ. ಮದುವೆಮನೆಯ ಊಟದ ಸಾಲನ್ನೂ ಕಣ್ಣಲ್ಲೇ ಅಳೆದು, "ಪಿರೋಗಿ ಕಡುಬಿನ ತಟ್ಟೆಗೆ ಇನ್ನೂ ನಾಲ್ಕು ಗಜ" ಎನ್ನುವ ಆಸಾಮಿ. ಸರಪಳಿ ಹಿಡಿದವರು ಯಾರ ಪರವೂ ಕೂಗುವಂತಿಲ್ಲ. ಹಾಗಾಗಿ ಮೂವತ್ತು ವರ್ಷಗಳಲ್ಲಿ ಊರಿನ ಹುಡುಗರು ಎಷ್ಟು ಸಲ ಗೆದ್ದರೂ ಅವನು ಒಮ್ಮೆ ಕೆಮ್ಮಿದವನೂ ಅಲ್ಲ. ಕೇಳಿದರೆ, "ಸರಪಳಿಗೆ ಯಾವ ಊರು ಕಣ್ರೀ?" ಎನ್ನುತ್ತಾನೆ. ಈ ನವೆಂಬರಿನಲ್ಲಿ ಜೂನಿಯರ್ ತಂಡಗಳ ರಾಷ್ಟ್ರೀಯ ಫೈನಲ್ ಊರಲ್ಲೇ ನಡೆದು, ಕೊನೆಯ ನಿಮಿಷದಲ್ಲಿ ಊರಿನ ತಂಡದ ಚೆಂಡನ್ನೇ ಅಳೆಯಬೇಕಾಗಿ ಬಂತು. "ಓರೆಸ್ಟಣ್ಣಾ, ಒಂಚೂರು ಸಡ್ಲ ಬಿಡೋ!" ಎಂದು ಇಡೀ ಗ್ಯಾಲರಿ ಅರಚಿತು. ಅವನು ಸರಪಳಿಯನ್ನು ಬಿಗಿಯಾಗಿ ಜಗ್ಗಿ ಹಿಡಿದ. ಎರಡು ಬೆರಳು ಕಡಿಮೆ ಬಿತ್ತು, ಊರು ಸೋತಿತು. ಮನೆಗೆ ಬಂದಾಗ ಅವನ ಬೆರಳುಗಳು ಮರಗಟ್ಟಿದ್ದವು. ಹೆಂಡತಿ ಡಾರ್ಲೀನಳೇ ಕೋಟಿನ ಗುಂಡಿ ಬಿಚ್ಚಿದಳು. ಒಳಗಿದ್ದದ್ದು ಊರಿನ ತಂಡದ ಹಳೆಯ ಹಸಿರು ಜೆರ್ಸಿ, ಮೊಣಕೈಗೆ ತೇಪೆ ಹಾಕಿದ್ದು. "ಚಳಿಗೆ ಹಾಕ್ಕೊಂಡಿದ್ದೆ," ಎಂದ ಓರೆಸ್ಟ್, ಗೋಡೆ ನೋಡುತ್ತ. "ಮೂವತ್ತು ವರ್ಷದಿಂದ ಒಗೀತಿರೋಳು ನಾನು," ಎಂದಳು ಅವಳು ಮೆಲ್ಲಗೆ, "ಆಗಸ್ಟಿನ ಸುಡುಬಿಸಿಲಲ್ಲೂ ಚಳಿನಾ?"