ಮೊದಲ ಗುಟುಕು

ಮಾಮ ನನ್ನ ಅಮ್ಮನ ಮೊಣಕೈ ಮುರಿದದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಅಮ್ಮ ಗಂಜಿಯ ಬಟ್ಟಲನ್ನು ತನ್ನ ತಮ್ಮನಾದ ಮಾಮನ ಮುಂದೆ ಇಟ್ಟಳು. ಅವನು ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓರೆ ಮಾಡಿದ. ಗಂಜಿ ಸರಿದ ಕಡೆ, ಬಟ್ಟಲಿನ ಅಂಚಿನಲ್ಲಿ, ಬಿಳಿಯ ಪುಡಿ ಸ್ವಲ್ಪ ಅಂಟಿಕೊಂಡಿತ್ತು.

"ಅಕ್ಕಾ, ಏನು ಹಾಕಿದೀಯ ಇದಕ್ಕೆ?"

"ಏನೂ ಹಾಕಿಲ್ಲ. ಉಪ್ಪು ಕರಗಿಲ್ಲ, ಅಷ್ಟೆ."

"ಉಪ್ಪು ಹೀಗೆ ಅಂಟಲ್ಲ."

"ಅಡುಗೆ ಮಾಡೋಳಿಗಿಂತ ನಿನಗೇ ಜಾಸ್ತಿ ಗೊತ್ತಾ? ಸುಮ್ನೆ ಊಟ ಮಾಡು."

ಅವನು ಪುಡಿಯನ್ನು ಬೆರಳಿನಿಂದ ತೆಗೆದು ನಾಲಗೆಯ ತುದಿಗೆ ಮುಟ್ಟಿಸಿದ. ಕಹಿ. ಮರುಕ್ಷಣ ಬಟ್ಟಲು ಗೋಡೆಗೆ ಬಡಿಯಿತು. ನಮ್ಮ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಕುಲುಮೆಯ ಪಕ್ಕದಲ್ಲಿದ್ದ ಉದ್ದನೆಯ ಇಕ್ಕಳ ಅವನ ಕೈಗೆ ಬಂತು. ಅಮ್ಮ ಮುಖಕ್ಕೆ ಅಡ್ಡ ಹಿಡಿದ ಬಲಗೈ ಮೇಲೆ ಅದು ಬಿದ್ದಾಗ ಒಣಸೌದೆ ಮುರಿದಂಥ ಸದ್ದಾಯಿತು. ಮುಂದಿನ ಏಟು ತಪ್ಪಿ ಗೋಡೆಗೆ ತಾಗಿ ಗಾರೆ ಉದುರಿತು.

"ನೀನೂ ಅವರ ಜೊತೆ ಸೇರಿದೆಯಾ? ಅಕ್ಕಾ, ನೀನೂನಾ?" ಎಂದು ಕೂಗುತ್ತಿದ್ದ. ಹೊಡೆಯುತ್ತಲೇ ಅಳುತ್ತಿದ್ದ.

ಅಮ್ಮನ ಚೀರಾಟ ಕೇಳಿ ಎದುರಿನ ವೆಲ್ಡಿಂಗ್ ಅಂಗಡಿಯವನು ಕಬ್ಬಿಣದ ರಾಡು ಹಿಡಿದು ಬಂದ. ಅವನ ಹಿಂದೆ ಬೀದಿಯೇ ಬಂತು. ಮಾಮನನ್ನು ಕೂದಲು ಹಿಡಿದು ಹೊರಗೆಳೆದು, ಲೈಟು ಕಂಬಕ್ಕೆ ತಂತಿಯಲ್ಲಿ ಬಿಗಿದರು. ವೆಲ್ಡಿಂಗಿನವನು ರಾಡಿನಿಂದ ಕಾಲಿಗೆ ಹೊಡೆದ. ಯಾರದೋ ಚಪ್ಪಲಿ ಬಾಯಿಗೆ ಬಡಿದು ಹಲ್ಲೊಂದು ಹಾರಿತು.

"ಇನ್ನೂ ಬಾರಿಸಿ, ಹುಚ್ಚು ತಾನಾಗೇ ಇಳಿಯುತ್ತೆ!"

"ಅಕ್ಕನ ಅನ್ನ ತಿಂದು ಅಕ್ಕನಿಗೇ ಹೊಡೀತಾನೆ, ನಾಯಿ!"

ಅಮ್ಮ ಜೋತುಬಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಓಡಿಬಂದು "ಬಿಡ್ರೋ, ಸತ್ತುಹೋಗ್ತಾನೆ, ಬಿಡ್ರೋ" ಎಂದು ಬೇಡಿದಳು. ಮಾಮನ ಬಾಯಿಂದ ರಕ್ತದ ಜೊತೆ ಒಂದೇ ಮಾತು ಬರುತ್ತಿತ್ತು: "ಗಂಜಿ ನೋಡಿ. ಒಳಗೆ ಹೋಗಿ ಗಂಜಿ ನೋಡಿ."

ಯಾರೂ ಹೋಗಿ ನೋಡಲಿಲ್ಲ. ಪುಡಿ ನಿಜವಾಗಿಯೂ ಇತ್ತು.

ಮಾಮ ಪಾತ್ರೆಗಳಿಗೆ ಕಲಾಯಿ ಹಾಕುವವನು. ಬೀದಿಯಲ್ಲಿ ಅವನ ಹೆಸರೇ ಕಲಾಯಿ. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಹಸಿರು ಕಿಲುಬು ಎದ್ದು ಊಟ ವಿಷವಾಗುತ್ತದೆ. ಹಾಗಾಗದಂತೆ ಒಳಗೆ ತವರ ಬಳಿಯುವುದು ಅವನ ಕಸುಬು. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಬಿಳಿ ಪುಡಿ ಎರಚುತ್ತಾನೆ. ದಟ್ಟ ಹೊಗೆ ಏಳುತ್ತದೆ. ಆ ಹೊಗೆಯೊಳಗೇ ತವರದ ಕಡ್ಡಿ ಮುಟ್ಟಿಸಿ, ಕರಗಿದ್ದನ್ನು ಹತ್ತಿಯಿಂದ ಸುತ್ತಲೂ ಸವರುತ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪು ಪಾತ್ರೆಯ ಒಳಗೆ ಬೆಳ್ಳಿ ಬೆಳಕು.

ಅಂಗಡಿಯಲ್ಲಿ ಅಜ್ಜ ಹಾಕಿಕೊಟ್ಟ ಒಂದು ಪದ್ಧತಿ ಇದೆ. ಕಲಾಯಿ ಆದ ಪಾತ್ರೆಯನ್ನು ಚೆನ್ನಾಗಿ ತೊಳೆದು, ನೀರು ತುಂಬಿ, ಹಾಕಿದವನೇ ಗಿರಾಕಿಯ ಎದುರಿಗೆ ಮೊದಲ ಗುಟುಕು ಕುಡಿಯಬೇಕು. ಆಮೇಲೆಯೇ ಪಾತ್ರೆ ಕೊಡಬೇಕು.

"ದಿನಾ ಎಲ್ಲರ ಪಾತ್ರೆ ನೀರು ಕುಡಿದು ನಿನ್ನ ಹೊಟ್ಟೇಲಿ ಕೆರೆನೇ ಆಗಿರಬೇಕಲ್ಲ ಕಲಾಯಿ?" ಎಂದು ಗಿರಾಕಿಗಳು ರೇಗಿಸುತ್ತಿದ್ದರು.

"ಆಗಿದೆ. ಕೆರೆಗೂ ಒಳಗಡೆ ಕಲಾಯಿ ಮಾಡಿಸಿದೀನಿ" ಎನ್ನುತ್ತಿದ್ದ.

ಅವನಿಗೆ ವಯಸ್ಸು ಇಪ್ಪತ್ತು ದಾಟಿದ ಮೇಲೆ ಆ ತಮಾಷೆ ನಿಂತಿತು. ಕಾಯಿಲೆ ಒಮ್ಮೆಗೇ ಬರಲಿಲ್ಲ, ಕಿಲುಬಿನ ಹಾಗೆ ಮೂಲೆಯಿಂದ ಬಂತು. ಮೊದಲು ಸ್ನಾನ ಬಿಟ್ಟ. ಆರಿದ ಕುಲುಮೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದ. ಸಂತೋಷದ ಸುದ್ದಿ ಹೇಳಿದರೂ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಮಾತು ಅರ್ಧಕ್ಕೆ ನಿಂತು ಬೇರೆಲ್ಲೋ ಶುರುವಾಗುತ್ತಿತ್ತು. ಆಮೇಲೆ ಯಾರೂ ಇಲ್ಲದ ಕಡೆ ತಿರುಗಿ ಉತ್ತರ ಕೊಡತೊಡಗಿದ. ಇಬ್ಬರು ಗಂಡಸರ ದನಿ ಕೇಳುತ್ತದೆ ಎಂದು ಅಮ್ಮನಿಗೆ ಹೇಳಿದ್ದ. ಒಬ್ಬ ಅವನು ಮಾಡುವುದನ್ನೆಲ್ಲ ಒದರುತ್ತಾನೆ: ಈಗ ಎದ್ದ, ಈಗ ಕೈ ತೊಳೆದ. ಇನ್ನೊಬ್ಬ ಬಯ್ಯುತ್ತಾನೆ: ಬೀದಿಗೆಲ್ಲ ವಿಷ ಹಾಕಿದವನು ನೀನೇ, ನಿನಗೂ ಹಾಕುತ್ತಾರೆ, ಆ ಕೈ ಸುಟ್ಟುಬಿಡು. ಒಂದು ದಿನ ಮಾಮ ಎಡಗೈಯನ್ನು ಕೆಂಡದ ಮೇಲೆ ಊರಿದ. ಚರ್ಮ ಸುಟ್ಟ ವಾಸನೆ ಅಡುಗೆಮನೆಗೆ ಬಂದು ಅಮ್ಮ ಓಡಿಬರುವವರೆಗೂ ಅವನು ಕೈ ತೆಗೆದಿರಲಿಲ್ಲ.

ಮೊದಲ ಸಲ ಆಸ್ಪತ್ರೆಗೆ ಹೋದದ್ದು ಆಗಲೇ. ನೆಂಟರೆಲ್ಲ ಮದುವೆ ಮಾಡಿ ಎಂದರು. "ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ" ಎಂದು ಅಪ್ಪ ಗಾದೆ ಹೇಳಿ ಅವರ ಬಾಯಿ ಮುಚ್ಚಿಸಿದ. ಮಾತ್ರೆ ಶುರುವಾಯಿತು, ದನಿಗಳು ತಗ್ಗಿದವು. ಆದರೆ ಮಾಮನ ನಾಲಗೆ ದಪ್ಪವಾಯಿತು, ಕೈ ನಡುಗಿತು, ಸವರಿದ ತವರ ಗಂಟುಗಂಟಾಗಿ ನಿಂತಿತು. ಕೈ ನಡುಗುವ ಕಲಾಯಿಯವನಿಗೆ ಯಾರು ಪಾತ್ರೆ ಕೊಡುತ್ತಾರೆ? ಅವನು ಅದನ್ನು ಡಾಕ್ಟರಿಗೆ ಹೇಳಲಿಲ್ಲ, ಮಾತ್ರೆಯನ್ನೇ ಬಿಟ್ಟ. ದನಿಗಳು ಮರಳಿದವು.

ಆಗ ಚಿಕ್ಕಜ್ಜಿ ಒಂದು ಉಪಾಯ ಹೇಳಿಕೊಟ್ಟಳು: "ಮಗುವಿಗೆ ಔಷಧಿ ಬೆರೆಸಿ ಕುಡಿಸಲ್ವಾ? ಹಂಗೇ ಅರೆದು ಹಾಕು." ಅಮ್ಮ ಬಾಗಿಲು ಹಾಕಿಕೊಂಡು ಮಾತ್ರೆ ಅರೆದಳು. ವಿಷ ಹಾಕುತ್ತಾರೆ ಎಂದು ನಡುಗುವವನ ಊಟಕ್ಕೆ, ಅದೂ ಪಾತ್ರೆಯ ಒಳಮೈ ನೋಡುವುದೇ ಕಸುಬಾದವನ ಊಟಕ್ಕೆ, ಬಿಳಿ ಪುಡಿ.

ಕಂಬದಿಂದ ಬಿಚ್ಚಿ ಅವನನ್ನು ದೊಡ್ಡಾಸ್ಪತ್ರೆಗೆ ಸಾಗಿಸಿದ್ದು ಅಪ್ಪನ ಲಾರಿಯಲ್ಲೇ. ಅಲ್ಲಿ ಮಾಮ ಸಿಬ್ಬಂದಿಯೊಬ್ಬನ ತೋಳು ಕಚ್ಚಿದ. ಎಲ್ಲರೂ ಸೇರಿ ನೆಲಕ್ಕೊತ್ತಿ ಹಿಡಿದು ಸೂಜಿ ಚುಚ್ಚಿದರು. ಎಚ್ಚರವಾದಾಗ ಅವನ ಕೈಕಾಲು ಮಂಚಕ್ಕೆ ಪಟ್ಟಿಯಿಂದ ಬಿಗಿದಿದ್ದರು. ಅಮ್ಮನ ಕೈಗೆ ಪ್ಲಾಸ್ಟರ್ ಆಗಿತ್ತು.

"ಸಾಕು. ಗುಡ್ಡದಾಚೆ ಒಂದು ಮನೆ ಇದೆ, ಇಂಥವರನ್ನ ಸರಪಳಿ ಹಾಕಿ ಇಟ್ಕೋತಾರೆ. ಅಲ್ಲಿಗೆ ಬಿಟ್ಟು ಬರ್ತೀನಿ" ಎಂದ ಅಪ್ಪ. "ಬೀದಿಯವರು, ಇನ್ನೊಂದು ಸಲ ಇಲ್ಲಿ ಕಂಡರೆ ಕೊಂದೇ ಹಾಕ್ತೀವಿ ಅಂದಿದಾರೆ."

"ಇವರು ಅಕ್ಕನಿಗೆ ಹೊಡೆದಿದ್ದು ಸರಿ ಅಂತ ನಾನೂ ಹೇಳಲ್ಲ" ಎಂದರು ಡಾಕ್ಟರಮ್ಮ. "ಆದರೆ ಈ ಕಾಯಿಲೆಯವರು ಹೊಡೆಯೋದಕ್ಕಿಂತ ಹೊಡೆಸಿಕೊಳ್ಳೋದೇ ಹೆಚ್ಚು. ಅವರ ಕಾಲು ನೋಡಿ. ಇದಕ್ಕೆ ಸ್ಕಿಜೋಫ್ರೇನಿಯಾ ಅಂತಾರೆ. ಮಿದುಳಿನ ಕಾಯಿಲೆ. ಆ ದನಿ ಅವರಿಗೆ ನಿಜವಾಗಿ ಕೇಳಿಸುತ್ತೆ, ನನ್ನ ದನಿ ನಿಮಗೆ ಕೇಳಿಸೋ ಹಾಗೇ."

ಅಮ್ಮ ಮೆಲ್ಲಗೆ ಕೇಳಿದಳು: "ನಾನು ಬೆಳೆಸಿದ್ದರಲ್ಲೇ ಏನಾದ್ರೂ ತಪ್ಪಾಯ್ತಾ ಡಾಕ್ಟ್ರೇ? ತಾಯಿ ಇಲ್ಲದ ಕೂಸು ಅದು."

"ಇಲ್ಲಮ್ಮ. ಬೆಳೆಸಿದ್ದರಿಂದ ಬರೋದಲ್ಲ. ಒಂದೇ ಕಾರಣ ಅಂತಲೂ ಇಲ್ಲ. ವಂಶದಲ್ಲಿ ಸ್ವಲ್ಪ ಇರುತ್ತೆ, ಮಿದುಳಿನ ರಾಸಾಯನಿಕಗಳಲ್ಲಿ ಏರುಪೇರು ಇರುತ್ತೆ, ಮೇಲೆ ಕಷ್ಟಗಳು ಸೇರುತ್ತವೆ. ನಿಮ್ಮ ಮನೇಲಿ ಮುಂಚೆ ಯಾರಿಗಾದ್ರೂ ಇತ್ತಾ?"

ಅಮ್ಮ ಯೋಚಿಸಿ, ಅಜ್ಜನ ಅಣ್ಣ ಒಬ್ಬ ಗೋಡೆಯ ಜೊತೆ ಜಗಳವಾಡುತ್ತಿದ್ದ ಎಂದಳು.

"ಮಾತ್ರೆ ಒಗ್ಗದಿದ್ದರೆ ಬದಲಾಯಿಸಬಹುದು. ತಿಂಗಳಿಗೊಂದು ಇಂಜೆಕ್ಷನ್ನೂ ಇದೆ. ಕೆಲಸ ಮಾಡ್ಕೊಂಡು ಬದುಕ್ತಾರೆ. ಆದರೆ ಪುಡಿ ಹಾಕಿದ್ದು ತಪ್ಪು. ಅದನ್ನ ಅವರಿಗೆ ಹೇಳಿಬಿಡಿ."

"ಹೇಳಿದ್ರೆ ಇವಳನ್ನ ಕೊಂದೇಬಿಡ್ತಾನೆ!" ಎಂದ ಅಪ್ಪ.

ಅಮ್ಮ ಹೋಗಿ ಮಂಚದ ಪಕ್ಕ ಕೂತಳು. "ನೀನು ಹೇಳಿದ್ದು ನಿಜ ಕಣಪ್ಪ. ಗಂಜಿಗೆ ಪುಡಿ ಹಾಕಿದ್ದೆ. ವಿಷ ಅಲ್ಲ, ನಿನ್ನ ಮಾತ್ರೆ. ನಾನೇ ಹಾಕಿದ್ದು."

ಮಾಮ ಅವಳ ಕಡೆ ಮುಖ ತಿರುಗಿಸಿದ.

"ಅವರೆಲ್ಲ ಹೊಡೆಯುವಾಗಲೂ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ಪಟ್ಟಿಗಳನ್ನು ಎಷ್ಟು ಜೋರಾಗಿ ಜಗ್ಗಿದನೆಂದರೆ ಮಂಚ ನೆಲಬಿಟ್ಟು ಕುಟ್ಟಿತು, ಮಣಿಕಟ್ಟಿನಲ್ಲಿ ರಕ್ತ ಬಂತು. ನಾವೆಲ್ಲ ಹಿಂದೆ ಸರಿದೆವು. ಅಮ್ಮ ಮಾತ್ರ ಏಳಲಿಲ್ಲ. ಕೊನೆಗೆ ಅವನೇ ಸೋತು ಜಗ್ಗುವುದನ್ನು ಬಿಟ್ಟ.

"ಕೈ ನೋಯುತ್ತಾ?" ಎಂದ ಅವಳ ಪ್ಲಾಸ್ಟರ್ ನೋಡಿ.

"ಇಕ್ಕಳದಲ್ಲಿ ಹೊಡೆದರೆ ನೋಯಲ್ವಾ ಮತ್ತೆ?"

"ಪುಡಿ ಹಾಕಿದರೆ?"

ಅಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. ಇನ್ನು ಮೇಲೆ ಊಟಕ್ಕೆ ಏನೂ ಬೆರೆಸುವುದಿಲ್ಲ, ಮಾತ್ರೆಯನ್ನು ಅಂಗೈಯಲ್ಲೇ ಇಟ್ಟು ಕೊಡುತ್ತೇನೆ ಎಂದಳು. ಕೈ ನಡುಗಿದರೆ ಡಾಕ್ಟರಿಗೆ ಹೇಳುತ್ತೇನೆ ಎಂದು ಅವನೂ ಒಪ್ಪಿದ. ಅಪ್ಪ ತನ್ನ ಷರತ್ತು ಹೇಳಿದ: "ಬೀದಿಯವರು ಸುಮ್ಮನಿದ್ದರೆ ಇರಲಿ. ಒಬ್ಬ ಗಿರಾಕಿನೂ ಬರದೆ, ಕಲ್ಲೇ ಬರೋದಾದ್ರೆ, ಗುಡ್ಡದಾಚೆಗೇ."

ಮಾಮ ಕುಂಟುತ್ತ ಮನೆಗೆ ಬಂದ. ಬೇರೆ ಮಾತ್ರೆಯಿಂದ ನಿದ್ದೆ ಹೆಚ್ಚು, ನಡುಕ ಕಡಿಮೆ. ದನಿಗಳ ಬಗ್ಗೆ ಕೇಳಿದರೆ, "ಪಕ್ಕದ ಬೀದಿಗೆ ಮನೆ ಬದಲಾಯಿಸಿದಾರೆ. ಒಂದೊಂದು ಸಲ ಬಂದು ಬಾಗಿಲು ಒದೀತಾರೆ" ಎನ್ನುತ್ತಿದ್ದ. ಗಿರಾಕಿ ಬರಲಿಲ್ಲ. ಕಲ್ಲು ಬಂತು. ಕಿಟಕಿಯ ಗಾಜು ಒಡೆದು ಅಮ್ಮನ ಹಣೆಗೆ ಚೂರು ಚುಚ್ಚಿದ ದಿನ ಅಪ್ಪ ಲಾರಿಯ ಬೀಗದಕೈ ತೆಗೆದುಕೊಂಡು, "ಬಟ್ಟೆ ಕಟ್ಟಿಕೊಡು" ಎಂದ. ಅಮ್ಮ ಕಟ್ಟಲಿಲ್ಲ. ಮಾಮನೇ ಎದ್ದು ಅಂಗಿ ಮಡಚತೊಡಗಿದ.

ಅಷ್ಟರಲ್ಲಿ ಬಾಗಿಲಲ್ಲಿ ವೆಲ್ಡಿಂಗಿನವನು ನಿಂತಿದ್ದ. ಒಂದು ಕೈಯಲ್ಲಿ ತಾಮ್ರದ ಬಿಂದಿಗೆ, ಇನ್ನೊಂದರಲ್ಲಿ ಅದೇ ರಾಡು.

"ಒಳಗೆಲ್ಲ ಕಿಲುಬು. ಮಗು ವಾಂತಿ ಮಾಡ್ತಿದೆ. ನನ್ನ ಹೆಂಡತಿ ಕಳಿಸಿದ್ಲು, ನಾನಾಗೇ ಬಂದಿದ್ದಲ್ಲ."

ಮಾಮ ಅಂಗಿ ಕೆಳಗಿಟ್ಟು, ಕುಲುಮೆ ಹೊತ್ತಿಸಿ ಇಕ್ಕಳ ಎತ್ತಿದ. ವೆಲ್ಡಿಂಗಿನವನು ರಾಡು ಬಿಗಿಹಿಡಿದ. ಪುಡಿ ಎರಚಿದಾಗ ಎದ್ದ ಹೊಗೆಯಲ್ಲಿ ಇಬ್ಬರ ಮುಖವೂ ಕಾಣಲಿಲ್ಲ. ಹೊಗೆ ತೆಳುವಾದಾಗ ಬಿಂದಿಗೆಯ ಒಳಗೆ ಒಂದು ಗಂಟೂ ಇಲ್ಲದೆ ತವರ ಹೊಳೆಯುತ್ತಿತ್ತು. ಮಾಮ ಅದನ್ನು ಆರಿಸಿ, ಉಜ್ಜಿ ತೊಳೆದು, ನೀರು ತುಂಬಿದ. ಮೊದಲ ಗುಟುಕು ಕುಡಿದು ಬಿಂದಿಗೆಯನ್ನು ಮುಂದೆ ಚಾಚಿದ.

ವೆಲ್ಡಿಂಗಿನವನು ಕದಲಲಿಲ್ಲ.

"ಏನೂ ಹಾಕಿಲ್ಲ" ಎಂದ ಮಾಮ.

ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮ ಆ ಮಾತು ಕೇಳಿ ಮುಂದೆ ಬಂದಳು. ನೆಟ್ಟಗಾಗದ ಕೈಯಿಂದಲೇ ಬಿಂದಿಗೆ ತೆಗೆದುಕೊಂಡು, ಮಾಮ ಬಾಯಿಟ್ಟ ಕಡೆಯೇ ಬಾಯಿಟ್ಟು ಕುಡಿದು, ವೆಲ್ಡಿಂಗಿನವನಿಗೆ ಚಾಚಿದಳು. ಅವನು ಅವಳ ಕೈ ನೋಡಿದ, ಮಾಮನ ಕಾಲು ನೋಡಿದ. ತುಂಬಿದ ಬಿಂದಿಗೆಗೆ ಎರಡೂ ಕೈ ಬೇಕಿತ್ತು. ರಾಡನ್ನು ಗೋಡೆಗೆ ಒರಗಿಸಿ ಕುಡಿದ.

"ನಾಳೆ ಅತ್ತೆ ಮನೆ ಹಂಡೆ ತರ್ತೀನಿ" ಎಂದು ಗದ್ದ ಒರೆಸಿಕೊಂಡ.

ಅಪ್ಪ ಲಾರಿಯ ಬೀಗದಕೈಯನ್ನು ಮತ್ತೆ ಮೊಳೆಗೆ ತೂಗುಹಾಕಿದ.