ರೆಕ್ಕೆಯೊಳಗಿನ ನಾರು

ತೈಲದ ಬೆಲೆ ನೆಲಕಚ್ಚಿದ ವರ್ಷ ನಾನು ಕೊಲ್ಲಿ ದೇಶದ ರುಸೈಲ್‌ನ ಪ್ಲಾಸ್ಟರ್ ಕಾರ್ಖಾನೆಯೊಂದರಲ್ಲಿ ಅಚ್ಚಿನ ಕೆಲಸ ಮಾಡುತ್ತಿದ್ದೆ. ನಾನು ಮೈಸೂರಿನವನು. ಅಲ್ಲಿದ್ದ ಇನ್ನೊಬ್ಬ ಅಚ್ಚಿನವರು ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ನನಗಿಂತ ಹತ್ತು ವರ್ಷ ಹಿರಿಯರು. ಶುಕ್ರವಾರ ಅಲ್ ಮವಾಲೇಹ್‌ನ ನಮ್ಮ ಮನೆಗೆ ಊಟಕ್ಕೆ ಬಂದು, ಬಿಸಿಬೇಳೆಬಾತಿನ ಜೊತೆ ಮೀನಿಲ್ಲವಲ್ಲ ಎಂದು ನನ್ನ ಹೆಂಡತಿಯನ್ನು ರೇಗಿಸುತ್ತಿದ್ದರು.

ಒಂದು ಹೋಟೆಲಿನವರು ಡೆನ್ಮಾರ್ಕಿನ ಶಿಲ್ಪಿಯೊಬ್ಬನ ಉಬ್ಬುಶಿಲ್ಪದ ಪ್ಲಾಸ್ಟರ್ ಪ್ರತಿಯನ್ನು ಕಳಿಸಿ, ಅಚ್ಚು ತೆಗೆದು ಅಂಥವೇ ಹನ್ನೆರಡು ಮಾಡಿಕೊಡಿ ಎಂದಿದ್ದರು. ಇನ್ನೂರು ವರ್ಷ ಹಿಂದಿನವನು. ಅವನ ಹೆಸರಿಗೆ ಇವತ್ತಿಗೂ ನನ್ನ ನಾಲಿಗೆ ಹೊರಳುವುದಿಲ್ಲ. ದುಂಡನೆಯ ಫಲಕದಲ್ಲಿ ಹಾರುವ ಹೆಂಗಸು, ತೋಳಲ್ಲಿ ನಿದ್ದೆಹೋದ ಎರಡು ಕೂಸು, ಹಿಂದೊಂದು ಗೂಬೆ. ದುಡ್ಡು ಕೊಟ್ಟು ಯಾರಾದರೂ ಗೋಡೆಗೆ ಗೂಬೆ ಹಾಕಿಸುತ್ತಾರೆಯೇ ಎಂದು ನನಗೆ ಬಗೆಹರಿಯಲಿಲ್ಲ. ಪೆಟ್ಟಿಗೆ ಬಿಚ್ಚಿದರೆ ಹೆಂಗಸಿನ ಒಂದು ರೆಕ್ಕೆಯೇ ಪುಡಿಯಾಗಿತ್ತು.

ಇಬ್ಬರೂ ಸೇರಿ ಹೊಸ ರೆಕ್ಕೆ ಕೂರಿಸಿದೆವು. ಗಟ್ಟಿಯಾಗಲೆಂದು ಪ್ಲಾಸ್ಟರಿನೊಳಗೆ ಅವರು ಹಾಕುತ್ತಿದ್ದುದು ತೆಂಗಿನ ನಾರು, ನಾನು ಹಾಕುತ್ತಿದ್ದುದು ಗಾಜಿನ ನಾರು. ಮೂರು ಸಲ ಕಳಚಿ ಬಿತ್ತು. ಒಬ್ಬ ಬಿಟ್ಟಲ್ಲಿಂದ ಇನ್ನೊಬ್ಬ ಹಿಡಿದು ನಾಲ್ಕನೆಯದು ನಿಂತಿತು. ಸೇರಿಸಿದ ಗೆರೆ ನಮಗೇ ಕಾಣುತ್ತಿರಲಿಲ್ಲ. ಶಿಲ್ಪದ ಜೊತೆ ಬಂದ ಪುಸ್ತಿಕೆಯಲ್ಲಿ ಓದಿದೆ: ಆ ಶಿಲ್ಪಿಯೂ ರೋಮಿನಲ್ಲಿದ್ದಾಗ ಪುರಾತನ ಗ್ರೀಕರ ಮುರಿದ ಮೂರ್ತಿಗಳಿಗೆ ಕೈಕಾಲು ಕೂರಿಸಿದ್ದನಂತೆ. ನೀನು ಮಾಡಿದ್ದು ಯಾವುದು ಎಂದು ಕೇಳಿದರೆ ಅವನಿಗೇ ಗುರುತು ಸಿಗಲಿಲ್ಲವಂತೆ. ಓದಿ ನಕ್ಕಿದ್ದೆ.

ಆಮೇಲೆ ಹೋಟೆಲಿನ ಕೆಲಸ ನಿಂತಿತು. ಮ್ಯಾನೇಜರ್ ನಮ್ಮಿಬ್ಬರನ್ನೂ ಫಲಕದ ಮುಂದೆ ನಿಲ್ಲಿಸಿ, ಇನ್ನು ಒಬ್ಬರೇ ಸಾಕು, ಈ ರೆಕ್ಕೆ ಮಾಡಿದವರು ಉಳಿಯಲಿ ಎಂದರು. ನನ್ನ ಮಗಳು ಆಗ ಹತ್ತನೇ ಕ್ಲಾಸು, ಪರೀಕ್ಷೆಗೆ ಮೂರು ತಿಂಗಳು. ನನ್ನ ವೀಸಾ ಹೋದರೆ ಎಲ್ಲರೂ ಗಂಟುಮೂಟೆ ಕಟ್ಟಬೇಕು. ನಾನು ತಲೆ ಕೆರೆದುಕೊಂಡು ನಿಂತೆ. ನಾಲ್ಕನೆಯ ಸಲ ನಾರು ಇಟ್ಟದ್ದು ಯಾರು? ನಾನೋ, ಅವರೋ?

ಅವರು ಮ್ಯಾನೇಜರಿಗೆ ಹಿಂದಿಯಲ್ಲಿ, ರೆಕ್ಕೆ ಇವರದು ಎಂದರು. ಆಮೇಲೆ ನನ್ನತ್ತ ತಿರುಗಿ, "ನಿಮ್ದೇ ಅಲ್ವಾ ಮಾರಾಯ್ರೆ? ನಾನು ಉಜ್ಜಿದ್ದು ಮಾತ್ರ. ಖಲಾಸ್," ಎಂದರು.

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹದಿನೈದು ದಿನದಲ್ಲಿ ಅವರು ಊರಿಗೆ ಹೋದರು. ಮಗಳು ಇಲ್ಲೇ ಪರೀಕ್ಷೆ ಬರೆದು ಪಾಸಾದಳು. ಒಮ್ಮೆ ಫೋನಿನಲ್ಲಿ ಕೇಳಿದೆ, ನಿಜ ಹೇಳಿ, ಅದು ಯಾರದು ಎಂದು.

"ಎಂತದ್ದು, ರೆಕ್ಕೆಯಾ? ನಂಗೆ ನೆನಪಿಲ್ಲ ಮಾರಾಯ್ರೆ. ಮಗಳು ಈಗ ಎಂತ ಓದ್ತಾ ಇದ್ದಾಳೆ?"

ಹೋಟೆಲಿನವರು ವಾಪಸು ಒಯ್ಯದ ಆ ಫಲಕ ಈಗಲೂ ನಮ್ಮ ಕಾರ್ಖಾನೆಯ ಶೆಡ್ಡಿನ ಮೂಲೆಯಲ್ಲಿದೆ. ಒಂದು ಪೆಟ್ಟು ಕೊಟ್ಟರೆ ಸಾಕು, ಒಳಗಿನ ನಾರು ಕಾಣುತ್ತದೆ. ಗಾಜಿನದಾದರೆ ಅವರು ಹೇಳಿದ್ದು ನಿಜ. ತೆಂಗಿನದಾದರೆ ಇಷ್ಟು ವರ್ಷ ಅವರ ಕೆಲಸದಲ್ಲಿ ನಾನು ಕೂತಿದ್ದೇನೆ. ನೆನೆದರೆ ಹೆದರಿಕೆಯಾಗುತ್ತದೆ. ಎರಡು ಸಲ ಸುತ್ತಿಗೆ ಎತ್ತಿದೆ. ಎರಡು ಸಲವೂ, ಮಲಗಿದ ಆ ಕೂಸುಗಳಿಗೆ ಏಟು ಬಿದ್ದೀತು ಎಂದು ನನಗೆ ನಾನೇ ಹೇಳಿಕೊಂಡು ಕೆಳಗಿಟ್ಟೆ.