ಖಂಡೆಪೂಜೆಗೆ ನಿಂತ ಸರ್ವರ್

ಯರಗಟ್ಟಿಯ ನಮ್ಮ ಪತ್ತಿನ ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ರೇಣು ಎಂಬ ಹೆಣ್ಣುಮಗಳ ಬಗ್ಗೆ ಊರಿನಲ್ಲಿ ಎರಡು ಸುಳ್ಳುಗಳು ಓಡಾಡುತ್ತಿವೆ. ಆಕೆ ಎಂಜಿನಿಯರ್ ಎಂಬುದು ಒಂದು. ಆಕೆ ಓದಿದ್ದು ಬೈಲಹೊಂಗಲದಲ್ಲಿ ಡಿಪ್ಲೊಮಾ. ಸಂಘದ ಸರ್ವರಿಗೆ ಅಮಾವಾಸ್ಯೆಗೊಮ್ಮೆ ವಿಶ್ರಾಂತಿ ಕೊಡುವ ಪದ್ಧತಿಯನ್ನು ಅಧ್ಯಕ್ಷ ನಿಜಗುಣಪ್ಪನವರು ಆರಂಭಿಸಿದರೆಂಬುದು ಇನ್ನೊಂದು. ನಿವೃತ್ತನಾದ ನನಗೆ ಬೇರೆ ಕೆಲಸವಿಲ್ಲದಿರಬಹುದು. ಆದರೂ ಈ ಎರಡನೆಯ ಸುಳ್ಳನ್ನು ಕೇಳುತ್ತ ಕೂರುವಷ್ಟು ಪುರುಸೊತ್ತಿಲ್ಲ.

ರೇಣು ಮನೋಳಿಯವಳು. ತಂದೆ ಬಾಳು ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದವರು; ಯಂತ್ರವನ್ನು ಬೈಯುತ್ತ ಸರಿಪಡಿಸುವ ವಿದ್ಯೆ ಆಕೆಗೆ ಅವರಿಂದಲೇ ಬಂದದ್ದು. ಮಿರ್ಚಿ ಭಜಿ ತಿಂದ ಕೈಯನ್ನು ಕೀಬೋರ್ಡಿಗೆ ಹಚ್ಚುವ ಗುಮಾಸ್ತರಿಗೆ ಆಕೆ ಹೇಳುವ ಮಾತುಗಳನ್ನು ಇಲ್ಲಿ ಮುದ್ರಿಸಲಾಗದು.

ಸಂಘದ ಒಳಕೋಣೆಯ ಸರ್ವರ್ ಉದ್ಘಾಟನೆಯಾದಾಗಿನಿಂದ ಒಮ್ಮೆಯೂ ನಿಂತಿರಲಿಲ್ಲ. ನಿಜಗುಣಪ್ಪನವರಿಗೆ ಅದೊಂದು ನಂದಾದೀಪ. ಅತಿಥಿಗಳು ಬಂದರೆ ಚಪ್ಪಲಿ ಬಿಡಿಸಿ ಒಳಗೆ ಕರೆದೊಯ್ದು, ಅದರ ಹಸಿರು ದೀಪದ ದರ್ಶನ ಮಾಡಿಸುತ್ತಿದ್ದರು. ಹೊರಗೆ ಕೌಂಟರಿನಲ್ಲಿ ಮಾತ್ರ ಗುಮಾಸ್ತ ದುಂಡಪ್ಪ, "ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ" ಎನ್ನುತ್ತಿದ್ದ. ಎಂದೂ ನಿಲ್ಲದ ಯಂತ್ರ ನಾವು ಬಂದಾಗ ಮಾತ್ರ ಹೇಗೆ ನಿಲ್ಲುತ್ತದೆಂದು ನಾನು ಲಿಖಿತವಾಗಿ ಕೇಳಿದ್ದೇನೆ. ಉತ್ತರ ಬಂದಿಲ್ಲ.

ಕಳೆದ ದಸರೆಗೆ ಮೊದಲು ಸರ್ವರಿನ ಕರ್ನಲಿನಲ್ಲಿ, ಎಂದರೆ ಉಳಿದೆಲ್ಲ ತಂತ್ರಾಂಶಗಳನ್ನು ಆಳುವ ತಿರುಳಿನಲ್ಲಿ, ಒಂದು ದೋಷ ಪತ್ತೆಯಾಯಿತು. ಒಳಗೆ ಕಾಲಿಡಲು ಒಂದಿಷ್ಟು ಜಾಗ ಸಿಕ್ಕವನು ಆ ದೋಷದಿಂದ ಇಡೀ ಯಂತ್ರದ ಯಜಮಾನನಾಗಬಹುದಿತ್ತು. ರೇಣು ಅದನ್ನು ಮುಚ್ಚುವ ಅಪ್‌ಡೇಟನ್ನು ಕೂಡಲೇ ಹಾಕಿದಳು. ಆದರೆ ಹೊಸ ಕರ್ನಲ್ ಬಂದು ಕುಳಿತ ಮಾತ್ರಕ್ಕೆ ಸಾಲದು. ಯಂತ್ರವನ್ನು ಒಮ್ಮೆ ನಿಲ್ಲಿಸಿ ಎಬ್ಬಿಸುವವರೆಗೆ ಆಳುವುದು ಹಳೆಯದೇ. ಹೊಸ ಆಡಳಿತ ಮಂಡಳಿ ಆಯ್ಕೆಯಾದ ಮೇಲೂ ಹಳಬರು ಕುರ್ಚಿ ಬಿಡದಿರುವಂತೆ. ನಿಜಗುಣಪ್ಪನವರಿಗಂತೂ ಇದು ಬೇಗ ಅರ್ಥವಾಗಬೇಕಿತ್ತು.

"ಅಪ್‌ಡೇಟ್ ಹಾಕೀದಿ ಅಂತೀ, ಮತ್ಯಾಕ ಬಂದ್ ಮಾಡೂದವಾ?" ಎಂದರು ಅವರು.

"ಹಾಕೇನ್ರಿ ಸಾಹೇಬ್ರ, ಇನ್ನೂ ಹತ್ತಿಲ್ಲ. ಹೊಸಾ ಕೀಲಿ ತಂದು ಕಪಾಟಿನ್ಯಾಗ ಇಟ್ಟಂಗ ಆಗೇತಿ."

"ಉರಿಯೂ ದೀಪ ಆರಸ್ತೀಯೇನ? ಆ ಮಷಿನ್ ನಿಂತ ದಿವಸ ನಿನ್ನ ನೌಕರಿನೂ ನಿಂತಂಗ ಅಂತ ತಿಳ್ಕೊ."

"ಕಳ್ಳ ಒಳಗ ಹೊಕ್ಕರ?"

"ಅದಕ್ಕೂ ನೀನ ಜವಾಬ್ದಾರಿ."

ಎಂದರೆ ನಿಲ್ಲಿಸಿದರೂ ನೌಕರಿ ಹೋಗುವುದು, ನಿಲ್ಲಿಸದಿದ್ದರೂ ಹೋಗುವುದು. ತಂದೆಯ ಗ್ಯಾರೇಜು ಮುಚ್ಚಿದ ಮೇಲೆ ಮನೋಳಿಯ ಆ ಮನೆ ನಡೆಯುತ್ತಿದ್ದುದು ಇದೊಂದೇ ಸಂಬಳದಿಂದ.

ಮಹಾನವಮಿಯ ಖಂಡೆಪೂಜೆಗೆ, ಎಂದರೆ ಆಯುಧಪೂಜೆಗೆ, ಸದಸ್ಯನಾಗಿ ನಾನೂ ಹಾಜರಿದ್ದೆ. ಆದ್ದರಿಂದ ಮುಂದಿನದೆಲ್ಲ ಕಣ್ಣಾರೆ ಕಂಡದ್ದು. ತಿಜೋರಿ, ಜನರೇಟರ್, ಅಧ್ಯಕ್ಷರ ಕಾರು, ದುಂಡಪ್ಪನ ಕೆಲಸ ಮಾಡದ ಪ್ರಿಂಟರ್ ಎಲ್ಲಕ್ಕೂ ವಿಭೂತಿ, ಚೆಂಡುಹೂ ಏರಿದ್ದವು. ನಿಜಗುಣಪ್ಪನವರು ಆರತಿ ತಟ್ಟೆ ಹಿಡಿದು ಸರ್ವರಿನ ಮುಂದೆ ನಿಂತಾಗ ರೇಣು ಕೇಳಿದಳು:

"ಸಾಹೇಬ್ರ, ಕಾರ್ ಚಾಲೂ ಇಟ್ಟು ಪೂಜಿ ಮಾಡಿದ್ರೇನ್ರಿ?"

"ಹುಚ್ಚಿ, ಖಂಡೆಪೂಜಿಗೆ ಯಾರರ ಚಾಲೂ ಇಡ್ತಾರೇನ? ಆಯುಧ ತಣ್ಣಗ ಕುಂದ್ರಬೇಕು."

"ಮತ್ತ ಇದೇನ ಪಾಪಾ ಮಾಡೇತ್ರಿ? ನಮ್ಮಪ್ಪ ಇವತ್ತಿನ ದಿವಸ ನಟ್ಟ ಬಿಚ್ಚೂ ಪಾನಾ ಸುದ್ದಾ ಮುಟ್ಟತಿರಲಿಲ್ಲ. ನೀವು ಇದನ್ನ ದುಡಿಸ್ಕೋತನ ಆರತಿ ಬೆಳಗಾಕ ಹತ್ತೀರಿ."

ಕಸ ಗುಡಿಸುವ ಶೆಟ್ಟೆವ್ವ ಬಾಗಿಲಲ್ಲೇ ನಿಂತಿದ್ದಳು. "ಖರೇ ಐತ್ರಿ ಯಪ್ಪಾ. ನಮ್ಮನಿ ಕುಡಗೋಲು ಸುದ್ದಾ ಮಲಗೇತಿ."

ಅಧ್ಯಕ್ಷರು ತಟ್ಟೆ ಕೆಳಗಿಟ್ಟರು. "ಮಾಡವಾ ಬಂದ್. ಆದ್ರ ಮ್ಯಾಲ ಏಳಲಿಲ್ಲಂದ್ರ..."

"ಗೊತ್ತೈತ್ರಿ."

ಫ್ಯಾನುಗಳ ಸದ್ದು ಅಡಗಿತು. ಆರತಿಯಾಯಿತು, ಕಾಯಿ ಒಡೆಯಿತು. ರೇಣು ಯಂತ್ರ ಹಚ್ಚಿ, ಪರದೆ ನೋಡಿ, ದೇವಿಯ ಸಮ್ಮುಖದಲ್ಲಿ ಆಡಬಾರದ ಒಂದು ಮಾತು ಆಡಿದಳು. ಎದ್ದದ್ದು ಹಳೆಯ ಕರ್ನಲೇ. ಯಾವಾಗಲೂ ಅದೇ ಏಳಬೇಕೆಂದು ಹಿಂದಿನ ನಿರ್ವಾಹಕ ಹೊಂದಿಸಿಟ್ಟು ಹೋಗಿದ್ದ. ಆತ ನಿಜಗುಣಪ್ಪನವರ ಅಳಿಯ. ಸಂಬಂಧವನ್ನು ವಿಚಾರಿಸಿ ಖಚಿತಪಡಿಸಿಕೊಂಡೇ ಬರೆಯುತ್ತಿದ್ದೇನೆ.

ಆ ಹೊಂದಿಕೆಯನ್ನು ಬದಲಿಸಿ ಆಕೆ ಎದ್ದು ನಿಂತಳು. "ಇನ್ನೊಂದ್ಸಲ ಬಂದ್ ಮಾಡಬೇಕ್ರಿ."

"ಪೂಜಿ ಮುಗದ ಹೋತು! ಕಾಯಿನೂ ಒಡದಾತು!"

"ಒಡದ ಕಾಯಿ ಕೆಟ್ಟದ್ದ ಬಂದ್ರ ಏನ ಮಾಡ್ತೀರ್ರಿ?"

"ಇನ್ನೊಂದ ಒಡೀತೇವಿ."

"ಇದೂ ಅಷ್ಟ ಐತ್ರಿ."

ನಿಜಗುಣಪ್ಪನವರು ಇನ್ನೊಂದು ಕಾಯಿ ತರಿಸಿದರು. ಯಂತ್ರ ಮತ್ತೆ ನಿಂತಿತು. ಕಪ್ಪು ಪರದೆಯ ಮುಂದೆ ರೇಣು ಯಾರನ್ನೂ ಬೈಯದೆ ಕುಳಿತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೊನೆಗೆ ಹೊಸ ಕರ್ನಲಿನ ಸಂಖ್ಯೆ ಮೂಡಿತು. ಓಢಣಿಯಿಂದ ಮುಖ ಒರೆಸಿಕೊಂಡು, "ಎದ್ದೈತ್ರಿ ಮೂಳ" ಎಂದಳು.

"ಹಂಗಾರ ಇನ್ನ ಮುಂದಿನ ದಸರಾಕ್ಕ ನೋಡೂಣು," ಎಂದು ಅಧ್ಯಕ್ಷರು ಉಸಿರು ಬಿಟ್ಟರು.

"ದಸರಾತನಕ ಕಳ್ಳರು ಕಾಯಂಗಿಲ್ರಿ. ಅಂಗಡಿಯವ್ರು ಅಮಾಸಿಗೊಮ್ಮೆ ಪೂಜಿ ಮಾಡ್ತಾರಲ್ರಿ? ನಾವೂ ಮಾಡೂಣು."

ವಾರ್ಷಿಕ ಸಭೆಯಲ್ಲಿ ನಿಜಗುಣಪ್ಪನವರು ಇದನ್ನು ತಮ್ಮದೇ ಆಲೋಚನೆಯೆಂದು ಸಾರಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ರೇಣು. ನೌಕರಿ ಕಾಯಂ ಮಾಡುವ ಠರಾವು ಅದೇ ಸಭೆಯಲ್ಲಿ ಪಾಸಾಗಿತ್ತು. ನಾನು ಹೊಡೆಯಲಿಲ್ಲ. ದುಂಡಪ್ಪ ಈಗಲೂ "ಸರ್ವರ್ ಡೌನ್ ಐತ್ರಿ" ಎನ್ನುತ್ತಾನೆ. ಅಮಾವಾಸ್ಯೆಯಂದು ಮಾತ್ರ, ಪೂಜೆ ನಡೆಯುವಷ್ಟು ಹೊತ್ತು, ಆತ ಹೇಳುವುದು ನಿಜ.